ಹುಲಿಗೆ ಹಚ್ಚಿದ ಬಿಳಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು ಕಂಠಪ್ಪನವರ ಮನೆಯಲ್ಲಿ ಒಂದು ಹೊತ್ತು ಉಂಡು ನೋಡಬೇಕಾಗಿತ್ತು. ಕಂಠಪ್ಪನವರೂ ಅವರ ಹೆಂಡತಿ ಪುಟ್ಟಮಲ್ಲಮ್ಮನವರೂ ಎರಡು ವರ್ಷದಿಂದ ಒಂದೇ ಮಡಕೆಯ ಸಾರು ಉಂಡು ಒಂದೇ ಸೂರಿನಡಿ ಮಲಗುತ್ತಿದ್ದರು. ಬೆಳಿಗ್ಗೆ ಏಳುವಾಗ ಜಗಳ ಅವರಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು. ಮುಖ ಕೊಟ್ಟು ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಸೊಸೆ ನೀಲಾಂಬಿಕೆಯ ಮೂಲಕ. ಮುದ್ದೆ ಆರುತ್ತದೆ, ಬರಹೇಳು ಎಂದು ಅತ್ತೆ ಒಲೆಯ ಮುಂದಿನಿಂದ ಅನ್ನುವರು. ಮಾವ ನಾಲ್ಕು ಮಾರು ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಂಡೇ ಕೂತಿದ್ದರೂ ಸೊಸೆ ಹೋಗಿ ಹೇಳುವ ತನಕ ಏಳುವವರಲ್ಲ.

ಊರು ಪಿರಿಯಾಪಟ್ಟಣದ ಕಡೆಯದು. ಬೆಟ್ಟದಪುರದ ಬೆಟ್ಟ ಹಿತ್ತಲಿನಲ್ಲೇ ನಿಂತಿದೆಯೇನೋ ಅನ್ನುವಷ್ಟು ಹತ್ತಿರ. ಊರಲ್ಲಿ ಸಾಬರ ಮನೆ ಎರಡೇ ಇದ್ದರೂ ಬಾಬಯ್ಯನ ಹಬ್ಬ, ಅಂದರೆ ಮೊಹರಂ, ಇಡೀ ಊರಿನದು. ಮಕ್ಕಳಿಗೆ ಕಾಯಿಲೆಯಾದರೆ ಬಾಬಯ್ಯನಿಗೆ ಹುಲಿವೇಷದ ಹರಕೆ ಹೊರುವುದು, ಹಬ್ಬದ ದಿನ ಮಗುವಿನ ಮುಖಕ್ಕೆ ಹುಲಿಯ ಬಣ್ಣ ಬರೆಸಿ ಪಂಜಾ ಎನ್ನುವ ಬೆಳ್ಳಿ ಹಸ್ತದ ಸುತ್ತ ಮೂರು ಸುತ್ತು ಕುಣಿಸಿ ಕರೆತರುವುದು, ಇದನ್ನು ಎಲ್ಲ ಜಾತಿಯವರೂ ಮಾಡುತ್ತಿದ್ದರು.

ಐವತ್ನಾಲ್ಕನೇ ಇಸವಿಯಲ್ಲಿ ನೀಲಾಂಬಿಕೆಯ ಐದು ವರ್ಷದ ಮಗಳು ಸರ್ವಮಂಗಳ ಜ್ವರ ಬಂದು ಮಲಗಿದಳು. ಪುಟ್ಟಮಲ್ಲಮ್ಮ ಹುಲಿವೇಷದ ಹರಕೆ ಹೊತ್ತರು. ಹಬ್ಬ ಬಂದಾಗ ಮಗು ಇನ್ನೂ ಚಾಪೆ ಬಿಟ್ಟು ಎದ್ದಿರಲಿಲ್ಲ. ಬೀದಿಯಲ್ಲಿ ತಮಟೆಯ ಸದ್ದು ಕೇಳಿ, ನನಗೂ ಹುಲಿ ಬರೆಸು ತಾತ ಎಂದು ಕೇಳಿತು. ಕೆನ್ನೆಯ ಮೇಲೆ ಒಂದೇ ಒಂದು ಪಟ್ಟೆ ಎಳೆಸಿ, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಸುತ್ತು ಹಾಕಿಸೋಣವೆಂದು ಅಜ್ಜಿ ಅಂಗಲಾಚಿದರು. ಕಂಠಪ್ಪನವರು ಒಪ್ಪಲಿಲ್ಲ. ಎದೆಯ ಮೇಲೆ ಲಿಂಗ ಕಟ್ಟಿದ ಮನೆತನ, ಅದರಲ್ಲೂ ಹೆಣ್ಣು ಮಗು, ಹುಲಿವೇಷವೇನಿದ್ದರೂ ಗಂಡು ಹುಡುಗರಿಗೆ, ಮೊದಲು ವಾಸಿಯಾಗಲಿ ಆಮೇಲೆ ನೋಡೋಣ ಎಂದರು. ಜ್ವರ ಬಂದ ಒಂಬತ್ತನೇ ದಿನ ಮಗು ತೀರಿಕೊಂಡಿತು.

ಕಂಠಪ್ಪನವರಿಗೆ ಆ ಮಗುವೆಂದರೆ ಪ್ರಾಣವಾಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ತಟ್ಟೆಯಿಂದಲೇ ಉಣ್ಣಿಸುತ್ತಿದ್ದವರು. ಹೊಲದ ಬದುವಿನಲ್ಲಿ ಗುಣಿ ತೋಡುವಾಗ ಆಳುಗಳನ್ನು ಮುಟ್ಟಗೊಡದೆ ತಾವೇ ಗುದ್ದಲಿ ಹಿಡಿದರು. ಆದರೆ ತಪ್ಪಾಯಿತು ಎಂಬ ಮಾತು ಆ ಬಾಯಿಂದ ಯಾವತ್ತೂ ಬಂದದ್ದಿಲ್ಲ, ಅವತ್ತೂ ಬರಲಿಲ್ಲ. ಪುಟ್ಟಮಲ್ಲಮ್ಮ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟರು.

ಐವತ್ತಾರರ ಯುಗಾದಿಯ ಹೊತ್ತಿಗೆ ಉಳಿದಿದ್ದ ಒಂದೇ ಮೊಮ್ಮಗ, ನಾಲ್ಕು ವರ್ಷದ ಬಸವರಾಜುವಿಗೂ ಜ್ವರ ಬಂತು. ಈ ಸಲ ಪುಟ್ಟಮಲ್ಲಮ್ಮ ಯಾರನ್ನೂ ಕೇಳದೆ ಹರಕೆ ಕಟ್ಟಿದರು. ಹುಡುಗ ಎದ್ದು ಓಡಾಡಿದ. ಹರಕೆ ತೀರಿಸುವ ಕಾಲಕ್ಕೆ ನೋಡಿದರೆ ಆ ವರ್ಷದ ಬಾಬಯ್ಯನ ಹಬ್ಬ ಶ್ರಾವಣ ಮಾಸದಲ್ಲೇ ಬಂದಿತ್ತು. ಶ್ರಾವಣದಲ್ಲಿ ಕಂಠಪ್ಪನವರು ಒಂದೇ ಹೊತ್ತು ಊಟ ಮಾಡಿ ಎರಡು ಹೊತ್ತು ಲಿಂಗಪೂಜೆ ಮಾಡುವವರು.

ಆಷಾಢದಲ್ಲಿ ಒಂದು ದಿನ ಊಟಕ್ಕೆ ಕೂತಾಗ ಮಾತು ಹೊರಬಿತ್ತು.

‘ಶ್ರಾವಣದಲ್ಲಿ ಪೂಜೆ ಬುಟ್ಟು ಹುಲಿ ಕುಣಿಸ್ತಾರಂತಾ, ಕೇಳವ್ವ’ ಎಂದರು ಕಂಠಪ್ಪನವರು ಸೊಸೆಗೆ.

‘ಹೋದ ಸಲ ಬ್ಯಾಡ ಅಂದಿದ್ಕೆ ಏನಾಯ್ತು ಅಂತ ನೀನೂ ಕೇಳು’ ಎಂದರು ಪುಟ್ಟಮಲ್ಲಮ್ಮ, ಅದೇ ಸೊಸೆಗೆ.

ನೀಲಾಂಬಿಕೆ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. ಅವಳ ಗಂಡ ನಂಜಣ್ಣ ಅಡಕತ್ತರಿಗೆ ಸಿಕ್ಕ ಅಡಕೆಯ ಹಾಗೆ ಅಪ್ಪನನ್ನೂ ಅವ್ವನನ್ನೂ ನೋಡಿದ. ಹಗಲೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬಂದು ಎರಡು ಮುದ್ದೆ ನೆಮ್ಮದಿಯಾಗಿ ನುಂಗುವುದೊಂದೇ ಅವನ ಆಸೆ.

‘ಇರೋದೊಂದು ಮಗ ಕಣಪ್ಪ’ ಎಂದ ಮೆಲ್ಲಗೆ.

ಕಂಠಪ್ಪನವರು ಅರ್ಧ ಮುದ್ದೆ ಬಿಟ್ಟು ಕೈತೊಳೆದುಕೊಂಡು ಎದ್ದು ಹೋದರು. ಬೇಡ ಅನ್ನಲಿಲ್ಲ. ಆ ಮನೆಯಲ್ಲಿ ಅದನ್ನೇ ಒಪ್ಪಿಗೆ ಎಂದು ತಿಳಿಯಬೇಕು.

ಇನ್ನೊಂದು ತೊಡಕು ಉಳಿದಿತ್ತು. ಊರಿನ ಹುಲಿಗಳಿಗೆಲ್ಲ ಮೂವತ್ತು ವರ್ಷದಿಂದ ಬಣ್ಣ ಬರೆಯುತ್ತಿದ್ದವರು ಮಂಚಯ್ಯ ಎಂಬ ಮುದುಕರು. ಅವರಿಗೆ ಯುಗಾದಿಯ ಮಾರನೇ ದಿನ ಲಕ್ವ ಹೊಡೆದು ಬಲಗೈ ಬಿದ್ದು ಹೋಗಿತ್ತು. ಮಕ್ಕಳಿಲ್ಲ, ಶಿಷ್ಯರಿಲ್ಲ. ಪುಟ್ಟಮಲ್ಲಮ್ಮ ಹೋಗಿ ಕೇಳಿದ್ದಕ್ಕೆ, ನಿಮ್ಮ ಮನೆಯಿಂದಲೇ ಕೈ ನಡುಗದವರೊಬ್ಬರನ್ನು ಕಳಿಸಿ, ಬಾಯಲ್ಲಿ ಹೇಳಿಕೊಡುತ್ತೇನೆ ಅಂದರು. ನಂಜಣ್ಣನ ಕೈ ನೊಗ ಕಟ್ಟುವುದಕ್ಕೆ ಸರಿ. ನೀಲಾಂಬಿಕೆಯ ರಂಗೋಲಿಯನ್ನು ತುಳಿಯಲು ದನಗಳೂ ಹಿಂಜರಿಯುತ್ತವೆ ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರು. ಹಾಗಾಗಿ ಅವಳೇ ಹೋಗಬೇಕಾಯಿತು.

ರಂಗೋಲಿ ಬಂದರೆ ಮುಖ ಬರುತ್ತದೆ ಎಂದುಕೊಂಡು ಹೋದವಳ ಜಂಬವನ್ನು ಮಂಚಯ್ಯ ಮೊದಲ ದಿನವೇ ಇಳಿಸಿದರು.

‘ನೆಲ ಅಳಲ್ಲ ಕಣವ್ವ, ನಗಲ್ಲ, ಸೀನಲ್ಲ. ಮಗ ಮೂರೂ ಮಾಡ್ತದೆ. ಒಂದು ಎಲೆಅಡಕೆ ಅಗಿಯೋ ಹೊತ್ತು ಕುಂತ್ರೆ ಅದೇ ದೊಡ್ಡದು. ಅಷ್ಟರೊಳಗೆ ಮುಗಿಸ್ಬೇಕು.’

ಮನೆಯ ಕಸಮುಸುರೆ ಮುಗಿಸಿ, ಮಧ್ಯಾಹ್ನದ ಊಟ ಬಡಿಸಿ, ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ನೀಲಾಂಬಿಕೆ ನಾಲ್ಕು ವಾರ ಮಂಚಯ್ಯನ ಜಗಲಿಗೆ ಹೋದಳು. ಈಚಲು ಕಡ್ಡಿಯ ತುದಿ ಜಜ್ಜಿ ಕುಂಚ ಮಾಡುವುದನ್ನು ಕಲಿತಳು. ಮುಖ ತೊಳೆದು ಒರೆಸಿ ಮೊದಲು ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬೇಕು, ಇಲ್ಲದಿದ್ದರೆ ಬಣ್ಣ ಚರ್ಮದೊಳಕ್ಕೆ ಇಳಿಯುತ್ತದೆ. ಅಗಲವಾದ ಬಣ್ಣಕ್ಕೆ ಬಟ್ಟೆಯ ಉಂಡೆ, ಗೆರೆಗೆ ಮಾತ್ರ ಕುಂಚ. ಮೊದಲು ಬಿಳಿ, ಆಮೇಲೆ ಹಳದಿ, ಕಡೆಗೆ ಕಪ್ಪು. ಪಟ್ಟೆಯನ್ನು ಕಿವಿಯ ಕಡೆಯಿಂದ ಮೂಗಿನ ಕಡೆಗೆ ಎಳೆಯುತ್ತಾ ಬಂದು ತುದಿಯಲ್ಲಿ ಕೈ ಹಗುರ ಮಾಡಬೇಕು. ಕಿರುಬೆರಳನ್ನು ಮಗುವಿನ ಗಲ್ಲಕ್ಕೆ ಊರಿಕೊಂಡರೆ ಮಗು ಅಲ್ಲಾಡಿದರೂ ಕೈ ಜೊತೆಗೇ ಅಲ್ಲಾಡುತ್ತದೆ. ಕಣ್ಣಿನ ರೆಪ್ಪೆಯನ್ನು ಮುಟ್ಟಲೇಬಾರದು. ಹೊಸಬರಿಗೆ ಕೆನ್ನೆಗೆ ಮೂರು ಪಟ್ಟೆ ಸಾಕು. ಹುಲಿಗೆ ಎಷ್ಟು ಪಟ್ಟೆ ಎಂದು ಹತ್ತಿರ ಹೋಗಿ ಎಣಿಸಿ ಬಂದವರು ಯಾರೂ ಇಲ್ಲ ಎಂದರು ಮಂಚಯ್ಯ.

ಹಳದಿಗೆಂದು ಮಂಚಯ್ಯ ಕೊಟ್ಟ ಅರದಾಳದ ಕಲ್ಲುಪುಡಿಯನ್ನು ಅವರ ಮಾತಿನಂತೆಯೇ ಮೊದಲು ಹುಡುಗನ ತೋಳಿನ ಒಳಭಾಗಕ್ಕೆ ಹಚ್ಚಿ ನೋಡಿದಳು. ಸ್ವಲ್ಪ ಹೊತ್ತಿಗೆ ಅಲ್ಲಿ ಕೆಂಪಗೆ ದದ್ದು ಎದ್ದಿತು. ಅವಳು ಆ ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದು ಅರಿಸಿನಕ್ಕೆ ಎಣ್ಣೆ ಬೆರೆಸಿ ಹಳದಿ ಮಾಡಿದಳು. ಕಪ್ಪು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಮಕ್ಕಳಿಗೆ ಕಾಡಿಗೆ ಕಟ್ಟಿದ ಕೈ ಅದು.

ಬಿಳಿಯೊಂದು ಮಾತ್ರ ಒಲಿಯಲಿಲ್ಲ. ಅಕ್ಕಿಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು, ಸುಣ್ಣ ಹಚ್ಚುವ ಹಾಗಿಲ್ಲ, ಕೆರೆಯ ಬಿಳಿಮಣ್ಣು ತುರಿಸುತ್ತದೆಂದು ಹುಡುಗ ರಚ್ಚೆ ಹಿಡಿಯುತ್ತಿದ್ದ.

ಕೊನೆಯ ಪಾಠದ ದಿನ ಮಂಚಯ್ಯ ಎಡಗೈಯಿಂದ ಅವಳ ಮುಂದೆ ನೆಲ ತಟ್ಟಿ ಒಂದು ಮಾತು ಹೇಳಿದರು.

‘ಜೊತೇಲಿ ಹೋದ ಹುಲಿಗಳ್ನ ಜೊತೇಲೇ ತೊಳೀಬೇಕು, ದೀಪ ಹಚ್ಚೋದ್ರೊಳಗೆ. ಒಂದರ ಮುಖದಲ್ಲಿ ಬಣ್ಣ ಉಳಿದ್ರೂ ಮಿಕ್ಕವಕ್ಕೆ ಜ್ವರ ಬತ್ತದೆ. ನಾನು ಕಣ್ಣಾರೆ ಕಂಡಿವ್ನಿ.’

ಅಭ್ಯಾಸಕ್ಕೆಂದು ಅವಳು ಮನೆಯ ಒಡಕು ಮಡಕೆಗಳ ಮೇಲೆ ಹುಲಿಯ ಮುಖ ಬರೆದು ಹಿತ್ತಲಿನ ಗೋಡೆಯ ಬುಡದಲ್ಲಿ ಸಾಲಾಗಿ ಇಡುತ್ತಿದ್ದಳು. ಬಚ್ಚಲಿಗೆ ಹೋಗುವಾಗ ಬಸವರಾಜು ಹೆದರುತ್ತಾನೆಂದು ಮುಖಗಳನ್ನು ಗೋಡೆಯ ಕಡೆಗೆ ತಿರುಗಿಸಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಅಷ್ಟೂ ಮಡಕೆಗಳು ಅಡುಗೆಮನೆಯ ಕಡೆಗೆ ನೋಡುತ್ತಿದ್ದವು. ಅತ್ತೆಯ ಕೆಲಸವೆಂದು ಅವಳು ಸುಮ್ಮನಾದಳು. ಸೊಸೆಯ ಕೆಲಸವೆಂದು ಅತ್ತೆ ಸುಮ್ಮನಾಗಿದ್ದರು. ಇಬ್ಬರದೂ ಅಲ್ಲವೆಂದು ತಿಳಿದದ್ದು ಎಷ್ಟೋ ದಿನದ ಮೇಲೆ.

ಅದೇ ವಾರ ಮಗನ ಮುಖದ ಮೇಲೆ ಗೆರೆ ಎಳೆಯುತ್ತಿದ್ದಾಗ ಅವನು ಕುಲುಕಾಡಿದ. ಮೂರನೇ ಪಟ್ಟೆ ತುದಿಯಲ್ಲಿ ಕವಲೊಡೆಯಿತು. ಎಷ್ಟು ಸಲ ಬರೆದರೂ ಎಡಗೆನ್ನೆಯ ಮೂರನೇ ಪಟ್ಟೆ ಅವಳ ಕೈಯಲ್ಲಿ ಹೀಗೆಯೇ ಎರಡಾಗುತ್ತಿತ್ತು. ಸಿಟ್ಟು ಬಂದು, ಒಂದು ಗಳಿಗೆ ನೆಟ್ಟಗೆ ಕೂತರೆ ಏನು ಗಂಟು ಹೋಗುತ್ತದೆ ಎಂದು ಗದರಿದಳು.

‘ಅಕ್ಕಂಗೆ ಬರಿ. ಅಕ್ಕ ಅಲ್ಲಾಡಲ್ಲ’ ಎಂದ ಹುಡುಗ.

ಅಕ್ಕ ಸತ್ತಾಗ ಅವನಿಗೆ ಎರಡು ತುಂಬಿತ್ತಷ್ಟೆ. ಮನೆಯಲ್ಲಿ ಯಾರೂ ಆ ಹೆಸರನ್ನು ಎತ್ತುತ್ತಿರಲಿಲ್ಲ. ನೀಲಾಂಬಿಕೆ ಕುಂಚ ಕೆಳಗಿಟ್ಟಳು. ಯಾವ ಅಕ್ಕನೋ ಎಂದು ಕೇಳಿದಳು. ಅವನು ಮಡಕೆಗಳ ಕಡೆ ನೋಡಿ, ಅವಳ ಸೆರಗಿಗೆ ಮುಖ ಒರೆಸಿಕೊಂಡು ಓಡಿಹೋದ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಅಳುತ್ತಿದ್ದರು, ಮಾವ ಹಬ್ಬವನ್ನೇ ನಿಲ್ಲಿಸುತ್ತಿದ್ದರು.

ನೀಲಾಂಬಿಕೆ ಬಣ್ಣ ಕಲಿತ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಹರಕೆ ಹೊತ್ತ ಬೇರೆ ಮನೆಯವರೂ ಬಂದರು. ಎದುರುಮನೆಯ ಚಿಕ್ಕಣ್ಣನ ಇಬ್ಬರು ಗಂಡುಮಕ್ಕಳು, ಬಾವಿ ಪಕ್ಕದ ಸುನಂದಮ್ಮನ ಮೊಮ್ಮಗ, ಅವರ ಜೊತೆಗೆ ಬಸವರಾಜು. ಒಟ್ಟು ನಾಲ್ಕು ಹುಲಿ. ಪುಟ್ಟಮಲ್ಲಮ್ಮ ಹಳೆಯ ಹಳದಿ ಸೀರೆಯೊಂದನ್ನು ಹರಿದು ನಾಲ್ಕು ಚಡ್ಡಿ ಹೊಲಿದರು, ಮಿಕ್ಕ ತುಂಡಿನಲ್ಲಿ ನಾಲ್ಕು ಬಾಲ ಹೊಸೆದರು.

ಹಬ್ಬದ ದಿನ ಜಿಟಿಜಿಟಿ ಮಳೆ. ಕಂಠಪ್ಪನವರು ಬೆಳಿಗ್ಗೆ ಪೂಜೆ ಮುಗಿಸಿ, ಯಾರ ಮುಖವನ್ನೂ ನೋಡದೆ ಕಂಬಳಿ ಹೊದ್ದು ಹೊಲಕ್ಕೆ ಹೋದರು. ಉಂಡ ಮೇಲೆ ನೀಲಾಂಬಿಕೆ ಮಕ್ಕಳನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿದಳು. ಹಿಂದಿನ ದಿನ ನೆನೆಸಿಟ್ಟಿದ್ದ ಬಿಳಿಮಣ್ಣು ಮುಗ್ಗಿದ ವಾಸನೆ ಬರುತ್ತಿತ್ತು. ಮೂತಿಗೆ ಹಚ್ಚಿದರೆ ಮಕ್ಕಳು ವಾಂತಿ ಮಾಡುತ್ತವೆ. ಆಚೆ ತಮಟೆಯವರು ಬಂದು ನಿಂತಾಗಿತ್ತು. ಅವಳು ದಿಕ್ಕು ತೋಚದೆ ದೇವರ ಕೋಣೆಗೆ ಹೋದಳು. ಮಾವ ದಿನವೂ ಬಳಸುವ ವಿಭೂತಿ ಪೀಠದ ಮೇಲಿತ್ತು. ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ. ಗೂಡಿನ ಹಿಂದುಗಡೆ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಗಟ್ಟಿ ಸಿಕ್ಕಿತು. ಮುರಿದ ಹಳೆಯ ಚೂರು, ಇದನ್ನು ಮಾವ ಮರೆತೇ ಬಿಟ್ಟಿರಬೇಕು ಎಂದುಕೊಂಡಳು. ವಿಭೂತಿ ಎಷ್ಟು ನುಣುಪು, ಎಳೆಯ ಚರ್ಮಕ್ಕೂ ಉರಿಯಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲವೋ ಎಂದು ತನ್ನ ಬುದ್ಧಿಯನ್ನೇ ಬೈದುಕೊಂಡಳು.

ಎಣ್ಣೆಯಲ್ಲಿ ಅರೆದಾಗ ಬಂದಂಥ ಬಿಳಿಯನ್ನು ಮಂಚಯ್ಯನೂ ಕಂಡಿರಲಿಕ್ಕಿಲ್ಲ. ಹುಬ್ಬಿನ ಮೇಲೆ, ಮೂತಿಯ ಸುತ್ತ ಬೆಣ್ಣೆ ಸವರಿದ ಹಾಗೆ ಕೂತಿತು. ನಾಲ್ಕೂ ಮಕ್ಕಳು ಒಂದು ಚೂರೂ ಅಲ್ಲಾಡಲಿಲ್ಲ. ತುರಿಸುತ್ತದೆ ಎನ್ನಲಿಲ್ಲ, ನಗಲಿಲ್ಲ. ಕಣ್ಣು ಬಿಟ್ಟುಕೊಂಡು ಅವಳ ಹೆಗಲಿನಾಚೆ ಎಲ್ಲೋ ನೋಡುತ್ತಾ ಕೂತಿದ್ದವು. ಮೂರನೇ ಪಟ್ಟೆ ನಾಲ್ಕೂ ಮುಖಗಳಲ್ಲಿ ಕವಲೊಡೆಯಿತು. ಅದನ್ನು ಬಿಟ್ಟರೆ ಹುಲಿಗಳು ಹುಲಿಗಳಂತೆಯೇ ಇದ್ದವು. ಪುಟ್ಟಮಲ್ಲಮ್ಮನಿಗೆ ತಮ್ಮ ಮೊಮ್ಮಗ ಯಾವನೆಂದು ತಿಳಿಯಲು ಎರಡು ಸಲ ನೋಡಬೇಕಾಯಿತು.

ಅಷ್ಟರಲ್ಲಿ ಕಂಠಪ್ಪನವರು ಬಾಗಿಲಲ್ಲಿ ನಿಂತಿದ್ದರು. ಮಳೆ ಜೋರಾಯಿತೆಂದು ಬಂದರೋ, ಮೊಮ್ಮಗನನ್ನು ನೋಡುವ ಆಸೆಯಿಂದ ಬಂದರೋ, ಅವರಂತೂ ಹೇಳಲಿಲ್ಲ. ಮಕ್ಕಳ ಮುಖ ನೋಡಿದರು. ಬಿಳಿ ಎಲ್ಲಿಂದ ತಂದೆ ಎಂದು ಕೇಳಿದರು. ನೀಲಾಂಬಿಕೆ ತಲೆ ತಗ್ಗಿಸಿ ಗೂಡಿನ ವಿಷಯ ಹೇಳಿದಳು. ಅವರು ದೇವರ ಕೋಣೆಗೆ ಹೋಗಿ ಖಾಲಿ ಬಟ್ಟೆಯನ್ನು ಹಿಡಿದುಕೊಂಡು ಬಂದರು. ಬೈಯುತ್ತಾರೆಂದು ಅವಳು ಕಾದಳು.

‘ಅದು ಮಗೀಗೆ ಅಂತ ತಂದಿದ್ದು ಕಣವ್ವ. ಗುಣಿಯೊಳಗೆ ಇಟ್ಟು ಮಿಕ್ಕಿದ್ದು. ಎಸೆಯಕ್ಕೆ ಮನಸು ಬರ್ನಿಲ್ಲ.’

ಮಣ್ಣು ಮಾಡುವಾಗ ಸರ್ವಮಂಗಳಳ ಹಣೆಗೆ, ಎದೆಗೆ ಹಚ್ಚಿ, ಮೈಸುತ್ತ ಇಟ್ಟು ಮಿಕ್ಕಿದ ವಿಭೂತಿ ಅದು. ನೀಲಾಂಬಿಕೆ ಬಟ್ಟೆ ತೆಗೆದುಕೊಂಡು ಮಗನ ಮುಖ ಒರೆಸಲು ಹೋದಳು. ಬಣ್ಣ ಹಚ್ಚಿದ ಹುಲಿಯನ್ನು ಸುತ್ತು ಹಾಕಿಸದೆ ಒರೆಸಬಾರದೆಂದು ಅತ್ತೆ ಅವಳ ಕೈ ಹಿಡಿದುಕೊಂಡರು. ನಂಜಣ್ಣ ಒಬ್ಬನನ್ನು ಹೆಗಲ ಮೇಲೆ ಕೂರಿಸಿಕೊಂಡು, ಮೂವರನ್ನು ಮುಂದೆ ಬಿಟ್ಟುಕೊಂಡು ತಮಟೆಯವರ ಹಿಂದೆ ಹೊರಟ.

ಸಂಜೆ ಐದರ ಹೊತ್ತಿಗೆ ಮಳೆ ನಿಂತು ಹೂಬಿಸಿಲು ಬಿದ್ದಿತ್ತು. ನಂಜಣ್ಣ ಇನ್ನೂ ಬೀದಿಯ ತುದಿಯಲ್ಲಿ ಸಕ್ಕರೆ ಹಂಚುತ್ತಾ ನಿಂತಿದ್ದಾಗಲೇ ಮಕ್ಕಳು ಹೋ ಎಂದು ಓಡಿಬಂದು ನಡುಮನೆಯಲ್ಲಿ ಸಾಲಾಗಿ ಕೂತವು. ನೀಲಾಂಬಿಕೆ ನಾಲ್ಕು ಎಲೆ ಹಾಕಿದಳು. ಅತ್ತೆ ಪಾಯಸದ ಪಾತ್ರೆ ಹಿಡಿದು ಬಂದು ಬಡಿಸುತ್ತಾ ಹೋಗಿ, ಕೊನೆಯಲ್ಲಿ ನಿಂತು, ಈ ಮಗುವಿಗೆ ಎಲೆಯೇ ಇಲ್ಲವಲ್ಲ, ಎಣಿಸಲು ಬರುವುದಿಲ್ಲವೇ ಎಂದು ಸೊಸೆಯನ್ನು ಗದರಿದರು. ನೀಲಾಂಬಿಕೆ ಐದನೇ ಎಲೆ ತಂದು ಹಾಕಿದಳು. ಹಾಕಿದ ಮೇಲೆ ಅವಳ ಕೈ ಎಲೆಯ ಮೇಲೆಯೇ ನಿಂತಿತು.

ಅವಳು ಬರೆದದ್ದು ನಾಲ್ಕು ಮುಖ. ಊರಲ್ಲಿ ಆ ವರ್ಷ ಬಣ್ಣ ಬರೆದವರು ಬೇರೆ ಯಾರೂ ಇರಲಿಲ್ಲ. ಪರಊರಿನ ಮಗುವಿರಬಹುದೇ ಎಂದು ಬಗ್ಗಿ ನೋಡಿದಳು. ಎಡಗೆನ್ನೆಯ ಮೇಲೆ ಮೂರು ಪಟ್ಟೆ. ಮೂರನೆಯದು ತುದಿಯಲ್ಲಿ ಕವಲೊಡೆದಿತ್ತು. ಮಿಕ್ಕ ನಾಲ್ವರ ಕಾಲಿನ ಕೆಸರು ಬಾಗಿಲಿನಿಂದ ಎಲೆಯ ತನಕ ಹೆಜ್ಜೆ ಮೂಡಿಸಿತ್ತು. ಐದನೆಯ ಮಗುವಿನ ಕಾಲು ಒಣಗಿತ್ತು, ಅದು ಬಂದ ದಾರಿಯಲ್ಲಿ ಸಾರಿಸಿದ ನೆಲ ಸಾರಿಸಿದ ಹಾಗೆಯೇ ಇತ್ತು.

‘ಇದು ಯಾರ ಮಗ?’ ಎಂದು ಸುನಂದಮ್ಮನ ಮೊಮ್ಮಗನನ್ನು ಕೇಳಿದಳು.

‘ಗೊತ್ತಿಲ್ಲ. ಎಲ್ಲಾರ್ಗಿಂತ ಇವಳೇ ಚೆಂದಾಗಿ ಕುಣಿದಿದ್ದು’ ಎಂದ ಅವನು ಪಾಯಸ ಹೀರುತ್ತಾ.

ಹುಲಿಯಲ್ಲಿ ಹೆಣ್ಣೆಂದು ಅವನಿಗೆ ಯಾರು ಹೇಳಿದರು? ಆ ಮಗು ತಲೆ ಬಗ್ಗಿಸಿಕೊಂಡು ಉಣ್ಣುತ್ತಿತ್ತು. ಪಾಯಸದೊಳಗಿನ ಕೊಬ್ಬರಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಎಲೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿತ್ತು. ಸರ್ವಮಂಗಳ ಹೀಗೆಯೇ ಮಾಡಿ ದಿನವೂ ಅಜ್ಜಿಯ ಬಾಯಲ್ಲಿ ಬೈಸಿಕೊಳ್ಳುತ್ತಿದ್ದಳು. ಪುಟ್ಟಮಲ್ಲಮ್ಮ ಆ ಸಾಲನ್ನು ನೋಡಿದರು. ಎಲೆಯ ಮುಂದೆ ಕೂತು, ಕೊಬ್ಬರಿ ಚೂರುಗಳನ್ನು ಒಂದೊಂದಾಗಿ ಎತ್ತಿ ತಾವು ಬಾಯಿಗೆ ಹಾಕಿಕೊಂಡರು. ಕಣ್ಣೀರು ಅಷ್ಟರಲ್ಲೇ ಧಾರಾಕಾರವಾಗಿ ಇಳಿಯುತ್ತಿತ್ತು. ಇನ್ನೊಂದು ಸೌಟು ಹಾಕಲಾ ಎಂದು ಕೇಳಿದರು. ಮಗು ತಲೆಯಾಡಿಸಿತು. ಅವರು ಹಾಕಿದರು.

ನೀಲಾಂಬಿಕೆಗೆ ಹೆದರಿಕೆಯೂ ಆಯಿತು, ಎರಡು ವರ್ಷದಲ್ಲಿ ಕಂಡರಿಯದ ಸಂತೋಷವೂ ಆಯಿತು. ಮುಟ್ಟಬೇಕೆಂದು ಕೈ ಚಾಚಿ, ಮುಟ್ಟಿದರೆ ಏನಾಗುತ್ತದೋ ಎಂದು ಹಿಂದಕ್ಕೆ ತೆಗೆದುಕೊಂಡಳು. ಕಂಠಪ್ಪನವರು ಜಗಲಿಯ ಕಂಬಕ್ಕೆ ಒರಗಿ ಒಳಗೇ ನೋಡುತ್ತಾ ಕೂತಿದ್ದರು. ಬಂದ ಮಕ್ಕಳನ್ನು ಅವರೂ ಎಣಿಸಿದ್ದರು.

ಹಿತ್ತಲಿನಲ್ಲಿ ಬಿಸಿಲು ಗೋಡೆ ಹತ್ತತೊಡಗಿತು. ನೀಲಾಂಬಿಕೆ ಹಂಡೆಯ ಬಿಸಿನೀರು ತೋಡಿ, ಸೀಗೆಪುಡಿ ಕಲಸಿ, ಬಚ್ಚಲ ಕಲ್ಲಿನ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ತೊಳೆದಳು. ಚಿಕ್ಕಣ್ಣನ ಮಕ್ಕಳು, ಆಮೇಲೆ ಸುನಂದಮ್ಮನ ಮೊಮ್ಮಗ. ಅಷ್ಟರಲ್ಲಿ ಬಂದ ನಂಜಣ್ಣನ ಜೊತೆ ಮೂವರನ್ನೂ ಅವರವರ ಮನೆಗೆ ಕಳಿಸಿದಳು. ಅವಳು ಕೇಳಿದ್ದಕ್ಕೆ ಅವನು, ನಾಲ್ಕು ಮಕ್ಕಳನ್ನೇ ಕರೆದುಕೊಂಡು ಹೋಗಿದ್ದೆ, ನಾಲ್ಕು ಮಕ್ಕಳೇ ಸುತ್ತು ಹಾಕಿದವು ಎಂದು ಆಣೆ ಮಾಡಿ ಹೇಳಿ ಹೋದ. ನಾಲ್ಕನೆಯವನಾಗಿ ಬಸವರಾಜುವನ್ನು ತೊಳೆದಳು. ಮುಖದ ಬಣ್ಣವೆಲ್ಲ ಹೋಯಿತು, ಆದರೆ ಹಣೆ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಹುಡುಗ ಹಲ್ಲು ಕಡಿಯುತ್ತಾ ನಡುಗುತ್ತಿದ್ದ.

‘ಅತ್ತೆ, ಜ್ವರ ಬಂದದೆ ಇವನಿಗೆ. ಆ ಮಗೀನೂ ತೊಳೀಬೇಕು.’

ಪುಟ್ಟಮಲ್ಲಮ್ಮ ಐದನೇ ಮಗುವನ್ನು ಅಡುಗೆಮನೆಯ ಬಾಗಿಲಲ್ಲಿ ತಮ್ಮ ಕಾಲಿಗೆ ಒರಗಿಸಿಕೊಂಡು ನಿಂತಿದ್ದರು.

‘ಬ್ಯಾಡ ಕಣವ್ವ. ತೊಳೆದ್ರೆ ಒಂಟೋಯ್ತಳೆ. ಒಂದಿನ ಇರ್ಲಿ ಬುಡು. ಬೆಳಗಾಗ್ಲಿ.’

ಇರಲಿ ಎಂದೇ ನೀಲಾಂಬಿಕೆಯ ಹೆತ್ತ ಹೊಟ್ಟೆಯೂ ಕೂಗುತ್ತಿತ್ತು. ಒಂದು ದಿನ ಯಾಕೆ, ಬಣ್ಣ ಮಾಸಿದ ಕಡೆ ಮತ್ತೆ ಮತ್ತೆ ಬರೆದು ಜೀವಮಾನವೆಲ್ಲ ಇಟ್ಟುಕೊಳ್ಳಬಹುದು. ಈಗ ಅವಳಿಗೆ ಬಣ್ಣ ಬರೆಯಲು ಬರುತ್ತದೆ. ಆದರೆ ತೋಳಿನಲ್ಲಿ ಮಗ ಜ್ವರದಿಂದ ಸುಡುತ್ತಿದ್ದ. ಮಂಚಯ್ಯ ನೆಲ ತಟ್ಟಿ ಹೇಳಿದ ಮಾತು ಅತ್ತೆಗೂ ಗೊತ್ತಿತ್ತು. ಬೀದಿಯಲ್ಲಿ ಆಗಲೇ ಒಂದೊಂದು ಮನೆಯವರು ದೀಪ ಹಚ್ಚಲು ಎದ್ದಿದ್ದರು. ನೀಲಾಂಬಿಕೆ ಮಗನನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿ ಬಂದು ಅತ್ತೆಯ ಕೈಯಿಂದ ಮಗುವನ್ನು ಬಿಡಿಸಿಕೊಂಡಳು. ಮುಟ್ಟಿದರೆ ಏನೂ ಆಗಲಿಲ್ಲ. ಎಳೆಯ ಕೈ, ತಣ್ಣಗಿತ್ತು, ಅಷ್ಟೇ. ಕಲ್ಲಿನ ಮೇಲೆ ಕೂರಿಸಿದಳು. ಚೊಂಬು ಎತ್ತಿದಳು. ನೀರು ಸುರಿಯಲು ಮಾತ್ರ ಅವಳಿಂದ ಆಗಲಿಲ್ಲ.

ಹಿಂದಿನಿಂದ ಬಂದ ಕಂಠಪ್ಪನವರು ಚೊಂಬನ್ನು ತೆಗೆದುಕೊಂಡರು. ಪಂಚೆ ಮೇಲೆತ್ತಿ ಕಟ್ಟಿ, ಮಂಡಿ ಹಿಡಿದುಕೊಂಡು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕೂದಲಿಗೆ ನೀರು ಬೀಳದ ಹಾಗೆ ಹಿಂದಿನಿಂದ ಹಿಡಿದುಕೋ ಎಂದು ಸೊಸೆಗೆ ಹೇಳಿದರು. ಅವಳು ಮಗುವಿನ ಬೆನ್ನ ಹಿಂದೆ ಕೂತು ಎರಡೂ ಕೈಯಲ್ಲಿ ಕೂದಲನ್ನು ಒಟ್ಟು ಮಾಡಿ ಹಿಡಿದಳು. ಎರಡು ವರ್ಷದ ಕೆಳಗೆ ಜಡೆ ಹೆಣೆಯುತ್ತಿದ್ದ ಕೂದಲೇ ಅದು, ಬಲಗಡೆಯ ಸುಳಿಯೂ ಅಲ್ಲೇ ಇತ್ತು. ಕಂಠಪ್ಪನವರು ಅಂಗೈಯಲ್ಲಿ ಸೀಗೆ ಹಾಕಿಕೊಂಡು ಮೊದಲು ಹಣೆ ಸವರಿದರು, ಆಮೇಲೆ ಕೆನ್ನೆ. ಕಣ್ಣಿಗೆ ಹೋಗದ ಹಾಗೆ ಹುಬ್ಬಿಗೆ ಬೆರಳು ಅಡ್ಡ ಇಟ್ಟರು. ಅವಸರವೇ ಇಲ್ಲ.

‘ನೀನು ಕೇಳಿದ್ದು ಒಂದೇ ಪಟ್ಟೆ. ಬ್ಯಾಡ ಅಂದೋನು ನಾನೇ ಕಣವ್ವ. ತಪ್ಪಾಯ್ತು. ಮೂರು ಸುತ್ತೂ ಆಯ್ತಲ್ಲ, ಹೋಗ್ಬುಟ್ಟು ಬಾ ಮಗ’ ಎಂದರು.

ಹಳದಿ ನೀರು, ಕಪ್ಪು ನೀರು, ಕಡೆಗೆ ಹಾಲಿನಂಥ ನೀರು ಬಚ್ಚಲ ಕಾಲುವೆಯಲ್ಲಿ ಇಳಿದು ಹೋಯಿತು. ಚೊಂಬು ಬರಿದಾಯಿತು. ನೀಲಾಂಬಿಕೆಯ ಎರಡು ಕೈಗಳ ನಡುವೆ ಏನೂ ಇರಲಿಲ್ಲ. ಕಲ್ಲು ಒದ್ದೆಯಾಗಿತ್ತು, ಕೂತಿದ್ದವರ ಗುರುತಿಗೆ ಒಣಗಿದ ಜಾಗ ಕೂಡ ಉಳಿದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪುಟ್ಟಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು. ಒಳಗಿನಿಂದ ಬಸವರಾಜು, ಸೆಕೆ, ಕಂಬಳಿ ತೆಗಿ ಎಂದು ಕೂಗಿದ.

ಮಗಳನ್ನು ನೀಲಾಂಬಿಕೆ ಕಂಡದ್ದು ಬಣ್ಣದ ಒಳಗೆ, ಇಲ್ಲವೇ ಬೆನ್ನ ಕಡೆಯಿಂದ. ಅವಳ ಮುಖ ಮಾತ್ರ ಕಾಣಲೇ ಇಲ್ಲ. ಅವಳು ಮಾವನನ್ನೇ ಕೇಳಿದಳು.

‘ಮುಖ ಹೆಂಗಿತ್ತು ಮಾವಯ್ಯ? ನಮ್ಮ ಮಗೀದೇ ಅಲ್ವಾ?’

ಕಂಠಪ್ಪನವರು ಕೂತಲ್ಲೇ ಕೂತಿದ್ದರು. ಅವರ ಎರಡೂ ಕಣ್ಣು ಇನ್ನೂ ಮುಚ್ಚಿದ್ದವು.

‘ನೋಡ್ನಿಲ್ಲ ಕಣವ್ವ’ ಎಂದರು. ‘ಕಣ್ಮುಚ್ಕಂಡೇ ತೊಳೆದೆ. ನೋಡಿದ್ರೆ ಕಳಿಸಕ್ಕಾಯ್ತಿತ್ತಾ?’